ಬೋಕಿ ಕೂತಿದ್ದ ಜಾಗ

ನನ್ನ ಮೊಮ್ಮಗಳು ಪಾಸಾದಳು! ಬರೀ ಪಾಸಲ್ಲ, ಫಸ್ಟ್ ಕ್ಲಾಸು. ಮಣ್ಣಿನೊಳಗೆ ಹೂತುಹೋದ ಹಳೆಯ ಕಾಲವನ್ನು ಅಗೆದು ಓದುವ ವಿದ್ಯೆಯಲ್ಲಿ ಎಂ.ಎ. ಮುಗಿಸಿದಳು. ಅವಳು ಬರೆದುಕೊಟ್ಟ ದಪ್ಪ ಪುಸ್ತಕವನ್ನು ಪರೀಕ್ಷೆ ಮಾಡುವವರು ಒಪ್ಪಿಕೊಂಡರಂತೆ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಫೋನು ಬಂತು.

"ಅಜ್ಜೀ, ಒಪ್ಕೊಂಬುಟ್ರು ಕಣಜ್ಜಿ! ಕಣದ್ ವಿಷ್ಯನೂ ಒಪ್ಕೊಂಬುಟ್ರು!"

ಫೋನಿನ ಆ ಕಡೆ ಬಸ್ಸುಗಳ ಸದ್ದು, ಈ ಕಡೆ ನಮ್ಮ ಕೋಳಿಗಳ ಸದ್ದು. ಮೊರದಲ್ಲಿದ್ದ ರಾಗಿ ಕೇರುವುದನ್ನು ಬಿಟ್ಟು ಎದ್ದೆ, ಮತ್ತೆ ಕೂತೆ, ಮತ್ತೆ ಎದ್ದೆ. ಎಪ್ಪತ್ತು ದಾಟಿದ ಮೊಣಕಾಲಿಗೆ ಇವತ್ತು ನೋವೇ ಗೊತ್ತಾಗುತ್ತಿಲ್ಲ.

ಕಣದ ವಿಷಯ ಅಂದಳಲ್ಲ, ಅದು ನಾಲ್ಕು ತಿಂಗಳಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು. ಅದನ್ನು ಬರೆದಿಡಬೇಕು ಅನ್ನಿಸಿತು. ನಾನು ಓದಿದ್ದು ಮೂರನೇ ಕ್ಲಾಸು. ಅವಳೇ ಬಿಟ್ಟುಹೋದ ಚೌಕುಳಿ ಗೆರೆಯ ಪುಸ್ತಕದಲ್ಲಿ ಅರ್ಧದಷ್ಟು ಹಾಳೆಗಳು ಖಾಲಿ ಇದ್ದವು. ಒಂದು ಚೌಕಕ್ಕೆ ಒಂದು ಅಕ್ಷರ ಇಟ್ಟುಕೊಂಡು ಹೋಗುತ್ತಿದ್ದೇನೆ, ಪೈರು ನಾಟಿದ ಹಾಗೆ.

ನಮ್ಮೂರು ಹೊಳವನಹಳ್ಳಿ ಬಸ್‌ಸ್ಟಾಪಿನಿಂದ ಮುಕ್ಕಾಲು ಗಂಟೆಯ ನಡಿಗೆ. ನನ್ನ ಮಗ ಕೊರಟಗೆರೆ ದಾರಿಯಾಗಿ ಹೊಳವನಹಳ್ಳಿಗೂ ಮಧುಗಿರಿಗೂ ಓಡಾಡುವ ಖಾಸಗಿ ಬಸ್ಸಿನ ಡ್ರೈವರು. ಸೊಸೆ ಪಾವಗಡದ ಕಡೆಯವಳು, ನಗುವಾಗಲೂ ಬೈಯುವಾಗಲೂ ತೆಲುಗೇ ಮೊದಲು ಬಾಯಿಗೆ ಬರುತ್ತದೆ. ಅವರಿಬ್ಬರ ಒಬ್ಬಳೇ ಮಗಳು ಇವಳು. ಜೊತೆಗೆ ನಾನು, ನಮ್ಮ ಯಜಮಾನರು. ಇಷ್ಟೇ ನಮ್ಮ ಮನೆ. ಊರಿನ ಹಿಂದೆ ಒಂದು ಎತ್ತರದ ಜಾಗ ಇದೆ, ಹಾಳೂರು ದಿಬ್ಬ ಅನ್ನುತ್ತೇವೆ. ಯಾವುದೋ ಕಾಲಕ್ಕೆ ಅಲ್ಲಿ ಊರಿತ್ತಂತೆ, ಯಾವ ಊರು, ಯಾರು ಇದ್ದರು, ಹೇಳುವವರಿಲ್ಲ. ನಾನು ಸೊಸೆಯಾಗಿ ಬಂದಾಗಿನಿಂದ ಅದರ ಮೇಲೆ ಮೇಕೆ ಮೇಯಿಸಿದ್ದೇನೆ, ಬೆರಣಿ ಒಣಗಿಸಿದ್ದೇನೆ. ಮಳೆ ಬಿದ್ದ ಮಾರನೇ ದಿನ ನೋಡಬೇಕು, ದಿಬ್ಬದ ತುಂಬಾ ಬೋಕಿ ಎದ್ದಿರುತ್ತವೆ. ಒಡೆದ ಮಡಕೆಯ ಚೂರಿಗೆ ನಮ್ಮಲ್ಲಿ ಬೋಕಿ ಅನ್ನುತ್ತಾರೆ.

ಬೋಕಿ ನನಗೆ ಹೊಸದಲ್ಲ. ನನ್ನ ತವರು ಮದಲೂರು. ಅಲ್ಲಿ ದೊಡ್ಡ ಕೆರೆ. ನೀರು ಇಂಗಿದ ವರ್ಷ ಕೆರೆಯಂಗಳದಲ್ಲಿ ನಾವು ಹುಡುಗಿಯರು ಬರಿಗಾಲಲ್ಲಿ ಓಡುತ್ತಿದ್ದೆವು. ಕಾಲಿಗೆ ಸಿಕ್ಕ ಬೋಕಿಯನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಯಾರ ಮನೆಯ ಮಡಕೆ, ಯಾರು ಅದರಲ್ಲಿ ಗಂಜಿ ಕಾಯಿಸಿದ್ದರು, ಅಂತ ಆಗ ಯಾರಿಗೆ ಬೇಕಾಗಿತ್ತು? ಈಗ ಕಣ್ಣು ಮುಚ್ಚಿದರೆ ಆ ಒಣ ಕೆರೆಯೇ ಕಾಣುತ್ತದೆ, ಅಷ್ಟಗಲ ಬಿರುಕು ಬಿಟ್ಟ ನೆಲ, ಅದರ ಮೇಲೆ ಒಂಟಿ ಕಾಲಲ್ಲಿ ಕುಪ್ಪಳಿಸುವ ನಾನು.

ಮಾಘ ಮಾಸದಲ್ಲಿ ಕಾಲೇಜಿನಿಂದ ತಂಡ ಬಂತು. ಒಬ್ಬರು ಮೇಡಮ್ಮ, ಅವರ ಹಿಂದೆ ಹುಡುಗ ಹುಡುಗಿಯರು, ಅದರಲ್ಲಿ ನಮ್ಮವಳೂ ಒಬ್ಬಳು. ದಿಬ್ಬದ ಮೇಲೆ ದಾರ ಕಟ್ಟಿ, ಮೂಲೆಗೆ ಗೂಟ ಹೊಡೆದು, ಚೌಕಾಕಾರದ ಗುಂಡಿ ತೆಗೆದರು. ಒಂದು ಗುಂಡಿಯನ್ನು ಪೂರ್ತಿಯಾಗಿ ನಮ್ಮ ಹುಡುಗಿಗೇ ಒಪ್ಪಿಸಿದರು. ಅದರಲ್ಲಿ ಸಿಕ್ಕಿದ್ದರ ಮೇಲೆ ಅವಳು ಪುಸ್ತಕ ಬರೆಯಬೇಕು, ಆ ಪುಸ್ತಕ ಸರಿಬಂದರೆ ಪಾಸು. ಸಿಕ್ಕ ಬೋಕಿಗಳನ್ನೆಲ್ಲ ತೊಳೆದು ಹರಡಿ ನೋಡಲು ಚೊಕ್ಕವಾದ ಬಯಲು ಬೇಕಿತ್ತು.

"ಅಜ್ಜೀ, ನಿನ್ ಕಣ ಕೊಡ್ತೀಯಾ?" ಎಂದು ಕೇಳಿದಳು.

ಮನೆ ಮುಂದಿನ ಕಣ. ಈಗ ರಾಗಿಯನ್ನು ಮೆಷಿನ್ನೇ ಒಕ್ಕಿ ಕೊಡುತ್ತದೆ. ಆದರೂ ನನಗೆ ಕಣ ಹಾಳು ಸುರಿಯುವುದು ಕಂಡರಾಗದು. ವಾರಕ್ಕೊಮ್ಮೆ ಸಗಣಿ ಹಾಕಿ ಸಾರಿಸುತ್ತೇನೆ. ಕೊಡದೆ ಇರುತ್ತೇನೆಯೇ?

ಜಗಲಿಯ ಮೇಲಿದ್ದ ಯಜಮಾನರು ಸುಮ್ಮನಿರಬೇಕಲ್ಲ. "ಬೋಕಿ ತೊಳ್ಯಾಕೆ ಅಷ್ಟ್ ದೂರ ಕಾಲೇಜಿಗೋಗ್ಬೇಕಿತ್ತೇನವ್ವಾ? ನಿಮ್ಮಜ್ಜಿ ಮೂರ್ನೇ ಕ್ಲಾಸ್ ಬುಟ್ಟಾಗಿಂದ ಅದ್ನೇ ತೊಳೀತಾವ್ಳೆ!"

"ತಾತಾ, ಅಜ್ಜಿ ತೊಳ್ದಿದ್ದು ನೀನ್ ಒಡ್ದಿದ್ನ" ಅಂದಳು ಹುಡುಗಿ. ಯಜಮಾನರು ಮೇಕೆ ಬಿಚ್ಚಲು ಎದ್ದುಹೋದರು.

ಒಂದು ಸಂಜೆ ನನ್ನ ಕೈ ಹಿಡಿದು ಗುಂಡಿಯ ಹತ್ತಿರ ಕರೆದುಕೊಂಡು ಹೋದಳು. ಗುಂಡಿಯ ಗೋಡೆಯನ್ನು ಚಾಕುವಿನಲ್ಲಿ ಬೆಣ್ಣೆ ಕೊಯ್ದ ಹಾಗೆ ನೆಟ್ಟಗೆ ಕೊಯ್ದಿದ್ದರು. ಇಳಿಬಿಸಿಲಲ್ಲಿ ಆ ಗೋಡೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ಮೇಲೆ ಕಂದು, ಅದರಡಿ ಬೂದಿ ಬಣ್ಣ, ಅದರಡಿ ಕೆಮ್ಮಣ್ಣು, ತಳದಲ್ಲಿ ಕಪ್ಪು. ಸೀರೆಯ ಅಂಚಿನ ಹಾಗೆ.

"ಇವು ಪದರ ಅಜ್ಜಿ. ಮೇಲಿಂದು ಹೊಸದು, ಕೆಳಗಿಂದು ಹಳೇದು."

ಅದು ನನಗೆ ಥಟ್ಟನೆ ಅರ್ಥವಾಯಿತು. ನನ್ನ ಟ್ರಂಕೂ ಹಾಗೆಯೇ. ತಳದಲ್ಲಿ ಧಾರೆ ಸೀರೆ, ಅದರ ಮೇಲೆ ಮಗನ ಕುಲಾವಿ, ಅದರ ಮೇಲೆ ಇವಳ ಮೊದಲ ಯೂನಿಫಾರಂ. ಯಾರೂ ತಾರೀಖು ಬರೆದಿಲ್ಲ, ಆದರೂ ಯಾವುದು ಮೊದಲು ಯಾವುದು ಆಮೇಲೆ ಅಂತ ಟ್ರಂಕಿಗೆ ಗೊತ್ತು. ಮೇಲಿನ ಪದರದಲ್ಲಿ ಒಂದು ಬಿಸ್ಕತ್ತಿನ ಕಾಗದ ಸಿಕ್ಕಿಕೊಂಡಿತ್ತು. ನಾನು ಕೀಳಹೋದೆ. "ಬ್ಯಾಡ ಅಜ್ಜಿ, ಅದೂ ನಮ್ ಕಾಲದ್ ಗುರ್ತು" ಎಂದು ಕೈ ತಡೆದಳು. ಇನ್ನೊಂದು ಕಡೆ ಗೋಡೆಯಲ್ಲಿ ಓರೆಯಾಗಿ ಕೊರೆದ ತೂತು. ಇಲಿ ಬಿಲವಂತೆ. ಇಲಿ ಮೇಲಿನ ಪದರದ್ದನ್ನು ಕೆಳಗಿನ ಪದರಕ್ಕೆ ಎಳೆದುಬಿಡುತ್ತದೆ, ಅದಕ್ಕೇ ಅಗೆಯುವವರಿಗೆ ಇಲಿ ಕಂಡರೆ ಆಗದು ಅಂದಳು.

ಆಮೇಲೆ ತಳದವರೆಗೆ ಅಗೆಯದೆ ಬಿಟ್ಟಿದ್ದ ಒಂದು ಕಡೆ, ಬೂದಿ ಬಣ್ಣದ ನೆಲದ ಮೇಲೆ ದುಂಡಗಿನ ಕಪ್ಪು ಕಲೆಗಳನ್ನು ತೋರಿಸಿದಳು. ಕಾಡಿಗೆಯ ಬೊಟ್ಟುಗಳ ಹಾಗೆ ಸಾಲಾಗಿದ್ದವು.

"ಕಂಬ ನೆಟ್ಟಿದ್ ಗುಳಿ. ಕಂಬ ಮಣ್ಣಾಗಿ ಯಾವ್ದೋ ಕಾಲ ಆಯ್ತು. ಅದು ನಿಂತಿದ್ ಜಾಗ ಮಾತ್ರ ಅಂಗೇ ಉಳ್ಕೊಂಡೈತೆ ನೋಡು."

ನಾನು ಆ ಬೊಟ್ಟುಗಳ ನಡುವೆ ನಿಂತೆ. ಹಾಗಾದರೆ ಇದು ಮನೆ. ಇಲ್ಲಿ ಬಾಗಿಲಿದ್ದಿರಬೇಕು, ಅಲ್ಲಿ ಒಲೆ. ಯಾವಳೋ ಒಬ್ಬಳು ಇದೇ ಹೊತ್ತಿಗೆ ಸೌದೆ ಊದುತ್ತಾ ಕಣ್ಣು ಒರೆಸಿಕೊಂಡಿರಬೇಕು. ಹೊಗೆಯ ವಾಸನೆ ಬಂದಂತಾಯಿತು. ಬಂದದ್ದು ನಮ್ಮ ಮನೆಯ ಒಲೆಯದೇ ಇರಬಹುದು, ಇರಲಿ.

ಅವತ್ತೇ ಅವಳು ಇನ್ನೊಂದು ಮಾತು ಹೇಳಿದ್ದಳು. "ಬರೀ ಬೋಕಿಗೆ ಬೆಲೆ ಇಲ್ಲ ಅಜ್ಜಿ. ಯಾವ್ ಪದರದಾಗಿತ್ತು, ಪಕ್ಕದಾಗೆ ಏನಿತ್ತು, ಅದೇ ಮುಖ್ಯ. ಅದುಕ್ಕೆ ಸಂದರ್ಭ ಅಂತೀವಿ. ಸಂದರ್ಭ ತಪ್ಪಿದ್ರೆ ಬೋಕಿ ಮೂಗಾಗೋಯ್ತದೆ." ನಾನು ಹೂಂ ಅಂದೆ. ತಲೆಯನ್ನೂ ಆಡಿಸಿದೆ. ಕಿವಿಗೆ ಬಿತ್ತೇ ಹೊರತು ಕೈಗೆ ಇಳಿಯಲಿಲ್ಲ.

ಯುಗಾದಿ ಕಳೆದು ಕೆಲವು ದಿನ ಆಗಿತ್ತು. ಕಣ ಬಿರುಕು ಬಿಟ್ಟಿತ್ತೆಂದು ಕೆರೆಯ ಗೋಡುಮಣ್ಣು ತಂದು ಮೆತ್ತಿ, ನಸುಕಿನಲ್ಲೇ ಅದರ ಮೇಲೆ ಸಗಣಿಯನ್ನು ದಪ್ಪಗೆ ಸಾರಿಸಿದ್ದೆ. ಹುಡುಗಿ ಬುಟ್ಟಿಗಟ್ಟಲೆ ತೊಳೆದ ಬೋಕಿ ತಂದಳು. ನೀರು ಇನ್ನೂ ಸೋರುತ್ತಿತ್ತು.

"ತಡ್ಕಳೇ, ನೆಲ ಇನ್ನೂ ಹಸಿ ಐತೆ" ಅಂದೆ.

"ಪರ್ವಾಗಿಲ್ಲ ಅಜ್ಜಿ, ಟೈಮಿಲ್ಲ. ನಾಳೆ ಮೇಡಂ ಬಂದು ಒಂದೊಂದ್ನೂ ನೋಡಿ ನಂಬರ್ ಬರುಸ್ತಾರೆ."

ದಾರ ಎಳೆದು ಕಣದ ತುಂಬಾ ಚೌಕ ಮಾಡಿದಳು. ಒಂದು ಸಾಲು ಒಂದು ಪದರಕ್ಕೆ. ಚೌಕ ಚೌಕಕ್ಕೂ ಒಂದು ಚೀಟಿ, ಚೀಟಿಯ ಮೇಲೊಂದು ಕಲ್ಲು. ಬೋಕಿಗಳನ್ನೆಲ್ಲ ಬೋರಲಾಗಿ ಜೋಡಿಸಿ ದಿಬ್ಬಕ್ಕೆ ಓಡಿದಳು. ಯಜಮಾನರು ಮೇಕೆ ಹೊಡೆದುಕೊಂಡು ಹೋಗಿದ್ದರು, ಸೊಸೆ ಕೊರಟಗೆರೆಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ.

ಮಧ್ಯಾಹ್ನ ಕಂಬಕ್ಕೆ ಒರಗಿ ಕೂತು ಅವುಗಳನ್ನೇ ನೋಡುತ್ತಿದ್ದೆ. ಕೆಲವು ಹೊರಗೆ ಕೆಂಪು, ಅಂಚಿನಲ್ಲಿ ಕಂಡ ಒಳಮೈ ಕಪ್ಪು, ಮಿಣಮಿಣ ಮಿಂಚುತ್ತಿದ್ದವು. ಎಲ್ಲವೂ ಮಾತಾಡುತ್ತಿದ್ದವು ಅನ್ನಿಸುತ್ತದೆ, ನಿದ್ದೆಗಣ್ಣಿನಲ್ಲಿ ನನಗೆ ಕೇಳಿಸಿತು. ಸಂತೆಯಲ್ಲಿ ಹೆಂಗಸರು ಕೂತಂತೆ ಸಾಲಾಗಿ ಕೂತಿದ್ದವು, ಒಂದೊಂದು ಸಾಲು ಒಂದೊಂದು ಕಾಲದ ಹೆಂಗಸರು. ಹಿಂದಿನ ಸಾಲಿನವಳು ಮುಂದಿನ ಸಾಲಿನವಳ ಜಡೆ ಹೆಣೆಯುತ್ತಿದ್ದಳು.

ಗುಡುಗಿಗೆ ಎಚ್ಚರವಾಯಿತು. ತೆಂಕಣ ಕಡೆಯಿಂದ ಕಪ್ಪು ಮೋಡ. ಹುಣಸೆ ಎಲೆ ಸುರಿಯುವ ಹಾಗೆ ಗಾಳಿ. ನಾಲ್ಕು ದಪ್ಪ ಹನಿ ಮುಖಕ್ಕೇ ಬಿದ್ದವು. ಕಣದ ಮೇಲೆ ಏನಾದರೂ ಹರಡಿದ್ದು, ಆಕಾಶದಲ್ಲಿ ಮೋಡ ಕಂಡರೆ, ಈ ಕೈಗಳಿಗೆ ಯಾರೂ ಏನೂ ಹೇಳಬೇಕಾಗಿಲ್ಲ. ಐವತ್ತು ವರ್ಷ ರಾಗಿ ಬಳಿದುಕೊಂಡ ಕೈಗಳು. ದೊಡ್ಡ ಬಿದಿರ ಬುಟ್ಟಿ, ನಮ್ಮ ಮಂಕರಿ, ತಂದೆ. ಒಂದು ತುದಿಯಿಂದ ಬಳಿದೆ, ತುಂಬಿದೆ, ಒಳಗೆ ಸುರಿದೆ. ಮತ್ತೆ ಬಳಿದೆ. ಚೀಟಿಗಳು ನೆನೆಯಬಾರದೆಂದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೊನೆಯ ಮಂಕರಿ ಸುರಿಯುವ ಹೊತ್ತಿಗೆ ಉಸಿರು ಬಾಯಿಗೆ ಬಂದಿತ್ತು. ಪಡಸಾಲೆಯಲ್ಲಿ ಬೋಕಿಯ ರಾಶಿ.

ಮಳೆ ಬರಲಿಲ್ಲ. ನಮ್ಮ ಸೀಮೆಯ ಮೋಡ ಯಾವಾಗ ತಾನೇ ಮಾತು ಉಳಿಸಿಕೊಂಡಿದೆ? ಮಧುಗಿರಿ ಬೆಟ್ಟದ ಕಡೆ ಹೊರಟುಹೋಯಿತು. ಆದರೂ ನನಗೆ ಹೆಮ್ಮೆ. ಮೊಮ್ಮಗಳ ಸೊತ್ತು ಕಾಪಾಡಿದೆ, ಬಂದವಳು ತಬ್ಬಿಕೊಳ್ಳುತ್ತಾಳೆ ಎಂದು ಬಾಗಿಲಲ್ಲೇ ಕಾದು ಕೂತೆ.

ಓಡಿಬಂದಳು. ಖಾಲಿ ಕಣ ನೋಡಿದಳು. ಪಡಸಾಲೆ ನೋಡಿದಳು.

"ಎಲ್ಲಾ ಒಳೀಕಾಕ್ಬುಟ್ಟೆ ಕಣವ್ವ, ಒಂದೂ ನೆಂದಿಲ್ಲ!" ಅಂದೆ.

ಅವಳು ರಾಶಿಯ ಮುಂದೆ ಕುಸಿದು ಕೂತಳು. ಒಂದು ಬೋಕಿ ಎತ್ತಿಕೊಂಡು, ತಿರುಗಿಸಿ ನೋಡಿ, ಬಹಳ ಮೆಲ್ಲಗೆ ಕೇಳಿದಳು. "ಅಜ್ಜೀ, ಇದು ಯಾವ್ ಸಾಲ್ನಾಗಿತ್ತು?"

ಆಗ ಗೊತ್ತಾಯಿತು. ಸಂದರ್ಭ ಅಂದಿದ್ದಳಲ್ಲ, ಆ ಮಾತು ಆಗ ನನ್ನ ಕೈಗೆ ಇಳಿಯಿತು. ರಾಗಿಗೆ ಇಂಥದೇ ಜಾಗ ಅಂತಿಲ್ಲ, ಯಾವ ಕಾಳು ಎಲ್ಲಿದ್ದರೂ ರಾಗಿಯೇ. ಇವು ರಾಗಿಯಲ್ಲ. ಎಷ್ಟೋ ಕಾಲದಿಂದ ನೆಲ ಜೋಪಾನವಾಗಿ ಇಟ್ಟುಕೊಂಡಿದ್ದ ಟ್ರಂಕನ್ನು ನಾನು ಒಂದು ಗಳಿಗೆಯಲ್ಲಿ ಕೊಡವಿ ಹಾಕಿದ್ದೆ. ಅವಳ ಗುಂಡಿ, ಅವಳ ಪುಸ್ತಕ, ಅವಳ ಪಾಸು, ಎಲ್ಲವೂ ಆ ರಾಶಿಯಲ್ಲಿ ಮೂಗಾಗಿ ಕೂತಿದ್ದವು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಬುಡಜ್ಜಿ, ನೀನು ಒಳ್ಳೇದುಕ್ಕೇ ಮಾಡ್ದೆ" ಅಂದು ಗೋಡೆ ಕಡೆ ಮುಖ ತಿರುಗಿಸಿದಳು. ಭುಜ ಅಲುಗುತ್ತಿತ್ತು. ಅಷ್ಟರಲ್ಲಿ ಬಂದ ಸೊಸೆ ವಿಷಯ ತಿಳಿದು "ಅಯ್ಯೋ ದೇವುಡಾ, ಎಂತ ಪನಿ ಮಾಡಿದ್ರಿ ಅತ್ತಮ್ಮಾ!" ಎಂದು ಬಾಗಿಲಲ್ಲೇ ನಿಂತಳು.

ನನಗೆ ಹುಡುಗಿಯ ಬೆನ್ನನ್ನು ನೋಡಲಾಗಲಿಲ್ಲ. ಹೊರಗೆ ಬಂದೆ. ಸೂರ್ಯ ಮೋಡದ ಅಡಿಯಿಂದ ಇಣುಕಿ ಮುಳುಗಲು ಹೊರಟಿದ್ದ. ಬಿಸಿಲು ನೆಲಕ್ಕೆ ಹಾಸಿದ ಹಾಗೆ ಅಡ್ಡಡ್ಡ ಬಂದು ಕಣದ ಮೇಲೆ ಬಿದ್ದಿತ್ತು. ಬೋಕಿ ಬಳಿದಾಗ ಬಟ್ಟಬಯಲಾಗಿ ಕಂಡಿದ್ದ ಕಣದಲ್ಲಿ ಏನೋ ಸಣ್ಣ ಸಣ್ಣ ನೆರಳುಗಳು. ಮಳೆ ಹನಿಯ ಗುರುತಿರಬೇಕು ಅಂದುಕೊಂಡು ಬಗ್ಗಿದೆ. ಹನಿ ಅಲ್ಲ. ಒಂದು ನೆರಳಿಗೆ ಮೂರು ಮೂಲೆ, ಇನ್ನೊಂದಕ್ಕೆ ಅರ್ಧ ಚಂದ್ರನ ಬಳುಕು. ಹಸಿ ಸಗಣಿಯ ಮೇಲೆ ಕೂತ ಬೋಕಿ ಒಂದೊಂದೂ ತನ್ನ ಅಚ್ಚು ಒತ್ತಿ ಎದ್ದುಹೋಗಿತ್ತು, ಹಗಲ ಬಿಸಿಲಿಗೆ ಅಚ್ಚು ಒಣಗಿ ಗಟ್ಟಿಯಾಗಿತ್ತು. ದಾರದ ಚೌಕಗಳೂ ಹಾಗೇ ಇದ್ದವು. ಕಂಬದ ಗುಳಿ ನೆನಪಾಯಿತು.

"ಲೇ, ಬಾರೇ ಇಲ್ಲಿ!" ಎಂದು ಕೂಗಿದ ಕೂಗಿಗೆ ಮೇಕೆಗಳೂ ಬೆದರಿದವು. "ಅವು ಕೂತಿದ್ ಜಾಗ ಐತೆ ಕಣೇ! ಕೂತಿದ್ ಜಾಗ ಎಲ್ಲೂ ಹೋಗಿಲ್ಲ!"

ಹುಡುಗಿ ಬಂದಳು, ಬಗ್ಗಿದಳು, ಕೆನ್ನೆಯನ್ನು ನೆಲಕ್ಕೇ ಇಟ್ಟು ನೋಡಿದಳು. ಒಳಗೆ ಓಡಿ ಒಂದು ಅಂಚಿನ ತುಂಡು ತಂದು ಅರ್ಧ ಚಂದ್ರನ ಮೇಲೆ ಇಟ್ಟಳು. ಕೂರಲಿಲ್ಲ. ಇನ್ನೊಂದು ತಂದಳು. ಕೂರಲಿಲ್ಲ. ಏಳನೆಯದೋ ಎಂಟನೆಯದೋ ಕಚಕ್ ಅಂತ ಕೂತಿತು, ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ. ಅವಳು ನನ್ನನ್ನು ನೋಡಿದಳು. ಇಬ್ಬರೂ ನಕ್ಕೆವೋ ಅತ್ತೆವೋ ಈಗ ನೆನಪಿಲ್ಲ.

ಬೆಳಕು ಇರುವ ತನಕ ಅವತ್ತು, ಮಾರನೇ ದಿನ ಸೂರ್ಯ ಹುಟ್ಟಿ ಬಿಸಿಲು ಮತ್ತೆ ಓರೆಯಾಗಿ ಬಿದ್ದಾಗ ಇನ್ನಷ್ಟು ಕೂರಿಸಿದೆವು. ಯಾವ ಸಾಲು ಯಾವ ಪದರದ್ದೆಂದು ಹುಡುಗಿಗೆ ನೆನಪಿತ್ತು. ದೊಡ್ಡ ಚೂರುಗಳನ್ನು ಅವಳು ಗುರುತಿಸಿದಳು, ಸಣ್ಣವನ್ನು ನಾನು. ಕಣ್ಣು ಮಂಜು, ಆದರೆ ಬೆರಳಿಗೆ ಮಂಜಿಲ್ಲ. ಅಚ್ಚನ್ನು ಮುಟ್ಟಿ, ರಾಶಿಯಲ್ಲಿ ಅದರ ಜೊತೆಯನ್ನು ಹುಡುಕುತ್ತಿದ್ದೆ. ಸೊಸೆ ಕೂಡ ಸೆರಗು ಸಿಕ್ಕಿಸಿ ಕೂತಳು. ಯಜಮಾನರು ಬೋಕಿ ಆರಿಸುತ್ತಾ "ಮೇಲಿಂದ್ನೆಲ್ಲ ಕೆಳೀಕೆ ಎಳ್ಯೋ ಇಲಿ ನಮ್ಮನೇಲೂ ಐತೆ, ಎಲ್ಡು ಕಾಲಿಂದು" ಅಂದರು. "ಸುಮ್ಕಿರಿ, ಕೈ ಆಡ್ಲಿ, ಬಾಯಾಡೋದು ಬ್ಯಾಡ" ಅಂದೆ.

ಒಂದು ಬೋಕಿಯ ಒಳಮೈಯಲ್ಲಿ ಹೆಬ್ಬೆರಳ ಗುರುತಿತ್ತು. ಮಡಕೆ ತಟ್ಟಿದವಳು ಹಸಿ ಇದ್ದಾಗ ಒತ್ತಿದ್ದು. ನನ್ನ ಹೆಬ್ಬೆರಳು ಇಟ್ಟೆ, ಸರಿಯಾಗಿ ಕೂತಿತು. ಯಾವಳಮ್ಮ ನೀನು, ಎಂದು ಕೇಳಿದೆ. ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ಅವಳೂ ಆ ಕಡೆಯಿಂದ ಹಿಡಿದುಕೊಂಡ ಹಾಗಿತ್ತು.

ಎಲ್ಲವೂ ಸಿಗಲಿಲ್ಲ. ಅಚ್ಚು ಸರಿಯಾಗಿ ಬೀಳದವು, ಎರಡೆರಡು ಕಡೆ ಕೂರುವವು, ಒಂದು ಮಂಕರಿ ಉಳಿದವು. ನಾನು ಮೆಲ್ಲಗೆ ಅಂದೆ: "ಇವ್ನೂ ಯಾವ್ದಾನಾ ಒಂದ್ ಸಾಲ್ನಾಗೆ ಇಕ್ಬುಡು. ಯಾರ್ಗೆ ಗೊತ್ತಾಗ್ತದೆ?"

ಅವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. "ಅಜ್ಜೀ, ಅವ್ಕೆ ಗೊತ್ತಾಗ್ತದೆ" ಅಂದಳು. ಆ ಮಂಕರಿಗೆ ಬೇರೆ ಚೀಟಿ ಬರೆದು ಕಟ್ಟಿದಳು: ಇವುಗಳ ಜಾಗ ತಿಳಿಯದು.

ಮೇಡಮ್ಮ ಬಂದಾಗ ನಾನೇ ಮುಂದೆ ಹೋಗಿ "ತಪ್ಪು ನಂದು ಕಣಮ್ಮ, ಮಗೀಗೆ ಏನೂ ಅನ್ಬ್ಯಾಡಿ" ಅಂದೆ. ಅವರು ಬಗ್ಗಿ ಕಣವನ್ನು ನೋಡಿದರು. ಅಚ್ಚುಗಳ ಫೋಟೋ ತೆಗೆಸಿದರು. ಆಮೇಲೆ ಹುಡುಗಿಗೆ ಹೇಳಿದರು: "ನಡೆದದ್ದನ್ನು ನಡೆದ ಹಾಗೇ ಬರಿ. ಪರೀಕ್ಷೆ ಮಾಡುವವರು ಒಪ್ಪುತ್ತಾರೋ ಇಲ್ಲವೋ, ನಾನು ಹೇಳಲಾರೆ."

ಅವಳು ಹಾಗೆಯೇ ಬರೆದಳು. ಮೋಡ, ಮಂಕರಿ, ಅಜ್ಜಿ, ಸಗಣಿ, ಅಚ್ಚು, ಉಳಿದ ಒಂದು ಮಂಕರಿ, ಒಂದನ್ನೂ ಬಿಡಲಿಲ್ಲ. ಅಂದಿನಿಂದ ಇಂದಿನವರೆಗೆ ಕಣ ಸಾರಿಸುವಾಗಲೆಲ್ಲ ನನಗೆ ಅದೇ ಯೋಚನೆ. ಇವಳು ನಪಾಸಾದರೆ ನನ್ನಿಂದಲೇ ಅಲ್ಲವೇ? ಯಾರೂ ಹಾಗೆ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಭಾರವಾಗಿತ್ತು.

ಇವತ್ತು ಆ ಭಾರ ಇಳಿಯಿತು. ಮಧ್ಯಾಹ್ನದ ಮೇಲೆ ಸಗಣಿ ಕಲಸಿ ಕಣ ಸಾರಿಸಿದೆ. ಸೊಸೆ ಬೇಳೆಗೆ ಇಟ್ಟಳು, ಬೆಲ್ಲ ಕುಟ್ಟಿದಳು. ಸಂಜೆ ಹೊಲಗಳಾಚೆಯ ರಸ್ತೆಯ, ಸ್ಟಾಪಿಲ್ಲದ ತಿರುವಿನಲ್ಲಿ ನಿಂತ ಮಗನ ಬಸ್ಸಿನ ಹಾರನ್ನು ನಿಲ್ಲದೆ ಕೂಗಿತು, ಊರಿಗೆಲ್ಲ ಕೇಳಲಿ ಅಂತ. ಅದೇ ಬಸ್ಸಿನಿಂದ ಇಳಿದು ಹುಡುಗಿ ಹೊಲದ ಬದುವಿನ ಮೇಲೆ ಓಡಿಬಂದಳು. ನಾನೂ ಓಡಿದೆ ಅನ್ನಿಸುತ್ತದೆ. ಓಡಿರಲಾರೆ, ಆದರೆ ಅವಳ ಹತ್ತಿರ ಹೇಗೆ ಹೋದೆನೋ ತಿಳಿಯದು.

"ಪರೀಕ್ಷೆ ಮಾಡಾಕೆ ಬಂದಿದ್ ಸಾರ್ ಒಬ್ರು ಕಣದ್ ಫೋಟೋನೇ ನೋಡ್ತಾ ಕೂತ್ಬುಟ್ರು ಅಜ್ಜಿ. 'ಇದನ್ನ ಮೊದಲು ಕಂಡವರು ಯಾರು?' ಅಂದ್ರು. ನಮ್ಮಜ್ಜಿ ಅಂದೆ. 'ಕೆಡಿಸಿದವರು?' ಅಂದ್ರು. ಅವ್ರೂ ನಮ್ಮಜ್ಜೀನೇ ಅಂದೆ!"

ಮಗ ಡ್ಯೂಟಿ ಮುಗಿಸಿ ಬಂದ ಮೇಲೆ ಕಣದಲ್ಲೇ ಮುತ್ತುಗದ ಎಲೆ ಹಾಕಿದೆವು. ಆಕಾಶ ಇನ್ನೂ ಕೆಂಪಾಗಿತ್ತು. ಹಾಳೂರು ದಿಬ್ಬ ಕಪ್ಪಗೆ, ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. "ಅತ್ತಮ್ಮಾ, ನೆಲ ಇಂಕಾ ಹಸಿ ಐತೆ, ಎಲೆ ಅಂಟ್ಕೊಂತದೆ" ಅಂದಳು ಸೊಸೆ. "ಅಂಟ್ಕೊಳ್ಲಿ ಬುಡು" ಅಂದೆ.

"ಹೂಂ, ಎಲ್ಲಾ ಅವ್ರವ್ರ್ ಪದರದಾಗೆ ಕೂತ್ಕಳಿ" ಅಂದಳು ಹುಡುಗಿ.

"ನಂದು ತಳದ್ದು ಕಣವ್ವ, ಕಪ್ಪು ಮಣ್ಣಿಂದು. ಮೊದ್ಲು ನಂಗೇ ಬಡ್ಸು" ಎಂದು ಯಜಮಾನರು ಎಲೆ ಮುಂದಕ್ಕೆ ಎಳೆದುಕೊಂಡರು.

ಸೊಸೆ ಒಬ್ಬಟ್ಟು ಹಾಕಿದಳು, ಮಗ ಎಲ್ಲರಿಗೂ ತುಪ್ಪ ಬಿಟ್ಟ. ಹುಡುಗಿ ನನ್ನ ಪಕ್ಕಕ್ಕೆ ಸರಿದು, ತನ್ನ ಒಬ್ಬಟ್ಟಿನ ಮೊದಲ ತುತ್ತು ಮುರಿದು ನನ್ನ ಬಾಯಿಗೆ ಇಟ್ಟಳು. ಒಬ್ಬಟ್ಟಿನ ಸಾರು ಕಾರವಾಗಿತ್ತು, ಮಗ ಎರಡು ಸಲ ಹಾಕಿಸಿಕೊಂಡ. ಯಾರಿಗೂ ಏಳುವ ಮನಸ್ಸಿರಲಿಲ್ಲ. ಎಲೆ ಖಾಲಿಯಾದರೂ ಕೂತೇ ಇದ್ದೆವು, ಸೊಸೆ ಮತ್ತೆ ಅನ್ನ ತಂದಳು, ಮತ್ತೆ ಉಂಡೆವು.